ಅರುಣಕೇತನಿಗೆ ಜೋಡಿ ಗುಂಡು

ಗಾಳಿಬೀಡು
೧೯ ಜನವರಿ ೧೯೫೮

ಪ್ರೀತಿಯ ಅಣ್ಣ,

ಕಾಗದದ ಮೊದಲಿಗೆ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕಲ್ಲ. ಅವ್ವ ಹೋದ ಮೇಲೆ ಇಲ್ಲಿ ಎಲ್ಲರೂ ಎಂದರೆ ಅಪ್ಪ, ನಾನು, ಎರಡು ಎಮ್ಮೆ. ಎಮ್ಮೆಗಳು ಚೆನ್ನಾಗಿವೆ. ಅಪ್ಪ ಕಾಫಿ ಕುಯ್ಲಿನ ಸಿಟ್ಟಿನಲ್ಲಿದ್ದಾರೆ. ನನ್ನದು ಹೇಳುವುದಕ್ಕೇ ಈ ಕಾಗದ.

ಮೊನ್ನೆ ಮನೆಗೆ ಒಂದು ಪೆಟ್ಟಿಗೆ ಬಂತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮಡಿಕೇರಿಗೆ ಬಂದ ಆಫೀಸರುಗಳಲ್ಲಿ ಪರಮೇಶಪ್ಪ ಅಂತ ಒಬ್ಬರಿದ್ದಾರೆ, ಬಯಲುಸೀಮೆಯವರು. ಚಳಿಗೆ ನಡುಗುತ್ತ ಜೀಪಿನಿಂದ ಇಳಿದರು. ಅವರ ಹಿಂದೆ ಇಬ್ಬರು ಬೀಗ ಹಾಕಿದ ಮರದ ಪೆಟ್ಟಿಗೆ ಹೊತ್ತು ತಂದು ನಮ್ಮ ಜಗಲಿಯಲ್ಲಿ ಇಟ್ಟರು. ಅಪ್ಪ ನೋಡಿ, "ಹೋದೊರ್ಷ ವೋಟ್ ಹಾಕಿ ಆತಲ್ಲ, ಇನ್ನೆಂತಕೆ ಪೆಟ್ಟಿಗೆ?" ಎಂದರು.

ಅದರೊಳಗೆ ಇದ್ದದ್ದು ಪುಸ್ತಕ. ಹಳ್ಳಿಹಳ್ಳಿಗೆ ಕಳಿಸುತ್ತಾರಂತೆ, ಓದಿ ಮುಗಿದ ಮೇಲೆ ಬೇರೆ ಪೆಟ್ಟಿಗೆ ಕೊಡುತ್ತಾರಂತೆ. ನಮ್ಮ ಶಾಲೆಯ ಮಾಡು ಸೋರುತ್ತದೆ. ಎಂಟನೇ ಕ್ಲಾಸು ಓದಿ ಮನೆಯಲ್ಲಿ ಕೂತವಳು ಊರಿಗೆ ನಾನೊಬ್ಬಳೇ. ಹಾಗಾಗಿ ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಅತ್ತೆಯರ ಸೊಂಟದಲ್ಲಿ ಇರಬೇಕಾದದ್ದು ನನಗೆ ಬಂತಲ್ಲ ಎಂದು ನಗಬೇಡ.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಮುಚ್ಚಳ ತೆಗೆದೆ. ನಾನು ಪುಸ್ತಕ ನೋಡದವಳಲ್ಲ, ಆದರೆ ನನಗೆ ಗೊತ್ತಿದ್ದದ್ದು ಪಾಠದ ಪುಸ್ತಕ, ಪಂಚಾಂಗ. ಮೇಲೆಯೇ ಇದ್ದದ್ದು ಮಕ್ಕಳ ಚಿತ್ರದ ಪುಸ್ತಕ. ಬರೀ ಸಮುದ್ರದ್ದು. ಒಂದು ಪುಟ ತೆಗೆದರೆ ನೀಲಿ ನೀರಿನಲ್ಲಿ ದೊಡ್ಡ ಬಾಲ. ಮಗುಚಿದರೆ ಬೆನ್ನು. ಮತ್ತೆ ಮಗುಚಿದರೆ ಇನ್ನೂ ಬೆನ್ನೇ. ಇದು ಮುಗಿಯುವುದೇ ಇಲ್ಲವೇನೋ ಎಂದು ಮುಂದಿನದು ತೆಗೆದೆ, ಅಲ್ಲಿ ಕಣ್ಣು. ತಿಮಿಂಗಿಲವಂತೆ. ಪುಸ್ತಕ ಮಾಡಿದವನಿಗೆ ಅದನ್ನು ಒಂದು ಪುಟದಲ್ಲಿ ಹಿಡಿಸಲು ಆಗಲಿಲ್ಲ. ಅಷ್ಟು ದೊಡ್ಡದು ಈ ಲೋಕದಲ್ಲಿ ಎಲ್ಲೋ ಈಜುತ್ತಿದೆ, ನಾನು ಇಲ್ಲಿ ಒಲೆ ಊದುತ್ತಿದ್ದೆ, ಇಷ್ಟು ದಿನ ನನಗೆ ಯಾರೂ ಹೇಳಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು ಅಣ್ಣ. ಅನ್ನ ಸೀದುಹೋಯಿತು.

ಅಪ್ಪನಿಗೆ ಓದಿ ಹೇಳುತ್ತೇನೆ ಎಂದೆ. "ನಡ್ದದ್ ಇದ್ದರೆ ಓದ್. ನಡೆಯದ್ನ ಕೇಳಿಕೆ ನಂಗೆ ಪುರ್ಸೊತ್ತಿಲ್ಲೆ," ಎಂದರು. ನೀನು ಇರುವ ಊರಿನ ಸಂಗತಿ ಬರೆ. ಅದಾದರೂ ನಡೆದದ್ದು, ಕೇಳುತ್ತಾರೆ.

ನಿನ್ನ ತಂಗಿ
ದಮಯಂತಿ

* * *

ಗಾಜಾ
೯ ಫೆಬ್ರವರಿ ೧೯೫೮

ದಮಯಂತಿ,

ನಿನ್ನ ಕಾಗದ ಓದಿದೆ. ಸೀದ ಅನ್ನ ತಿಂದವರ ಮೇಲೆ ಕನಿಕರವಾಯಿತು.

ನಮ್ಮ ಪಲ್ಟನ್ನಿನ ಕೆಲಸ ಇಲ್ಲಿ ವಿಚಿತ್ರ. ಎರಡು ದೇಶಗಳ ನಡುವೆ ನೀಲಿ ಟೋಪಿ ಹಾಕಿಕೊಂಡು ನಿಲ್ಲಬೇಕು, ಗುಂಡು ಹಾರಿಸುವ ಹಾಗಿಲ್ಲ. ನಾನು ನೀರಿನ ಲಾರಿ ಓಡಿಸುತ್ತೇನೆ. ಎಲ್ಲಿ ನೋಡಿದರೂ ಮರಳು. ಮಳೆ ಎಂದರೆ ಏನು ಎಂದು ಇಲ್ಲಿಯ ಮಕ್ಕಳಿಗೆ ಹೇಳಲು ಹೋದೆ. ನಾಲ್ಕು ತಿಂಗಳು ಸುರಿಯುತ್ತದೆ ಎಂದರೆ ನಗುತ್ತಾರೆ. ಅಪ್ಪನ ಹಾಗೆ ಅವರಿಗೂ ಸುಳ್ಳು ಕಥೆ ಬೇಡ.

ರಜದಲ್ಲಿ ನಮ್ಮನ್ನು ಪಿರಮಿಡ್ಡಿಗೆ ಕರೆದುಕೊಂಡು ಹೋದರು. ಅದನ್ನು ಹೇಗೆ ಹೇಳಲಿ? ನಮ್ಮ ಕೋಟೆಬೆಟ್ಟವನ್ನು ಯಾರೋ ಮಟ್ಟ ಹಿಡಿದು ಕಲ್ಲಿನಲ್ಲಿ ಕಟ್ಟಿದ ಹಾಗೆ. ಬುಡದಲ್ಲಿ ನಿಂತು ತಲೆ ಎತ್ತಿದರೆ ಟೋಪಿ ಬಿತ್ತು. ಪಕ್ಕದ ಕಲ್ಲುಮನೆಗಳ ಗೋಡೆಯ ಮೇಲೆ ಹಕ್ಕಿ, ಹಾವು, ಕಣ್ಣು, ಕೈ ಎಲ್ಲ ಸಾಲಾಗಿ ಕೆತ್ತಿದ್ದಾರೆ. ಅದು ಚಿತ್ರವಲ್ಲ, ಬರಹ ಎಂದರು. ಯಾರು ಬರೆದದ್ದು, ಏನು ಬರೆದದ್ದು ಎಂದು ಕೇಳಿದರೆ ಜೊತೆಗಿದ್ದವರಿಗೂ ಗೊತ್ತಿಲ್ಲ. ನಿನ್ನ ಪೆಟ್ಟಿಗೆಯಲ್ಲಿ ಹುಡುಕು. ಎದುರಿಗೆ ನಿಂತವನಿಗೆ ತಿಳಿಯದ್ದು ಗಾಳಿಬೀಡಿನಲ್ಲಿ ಕೂತವಳಿಗೆ ತಿಳಿಯುತ್ತದೋ ನೋಡೋಣ.

ಇದನ್ನು ಅಪ್ಪನಿಗೆ ಇದ್ದದ್ದು ಇದ್ದ ಹಾಗೆ ಓದು. ನೀನು ಚಿಕ್ಕವಳಿದ್ದಾಗಿನಿಂದ ಉಪ್ಪುಕಾರ ಹಚ್ಚುವವಳು.

ಸಾಂತಪ್ಪ

* * *

ಗಾಳಿಬೀಡು
೩ ಮಾರ್ಚ್ ೧೯೫೮

ಅಣ್ಣ,

ಸಿಕ್ಕಿತು. ಪೆಟ್ಟಿಗೆಯ ಅಡಿಯಲ್ಲಿ ದಪ್ಪದ ಚರಿತ್ರೆ ಪುಸ್ತಕ, ಅದರಲ್ಲಿ ನೀನು ಟೋಪಿ ಬೀಳಿಸಿಕೊಂಡ ಜಾಗ. ಅವು ರಾಜರ ಗೋರಿಗಳು. ಸತ್ತ ರಾಜನಿಗೆ ಊಟ, ಮಂಚ, ದೋಣಿ ಎಲ್ಲ ಜೊತೆಗೆ ಇಡುತ್ತಿದ್ದರಂತೆ. ಬೆಕ್ಕು ಸತ್ತರೆ ಅದಕ್ಕೂ ಬಟ್ಟೆ ಸುತ್ತಿ ಇಡುತ್ತಿದ್ದರಂತೆ. ಆ ಹಕ್ಕಿ, ಹಾವುಗಳನ್ನು ಓದುವ ವಿದ್ಯೆ ಸಾವಿರಕ್ಕೂ ಹೆಚ್ಚು ವರ್ಷ ಯಾರಿಗೂ ಗೊತ್ತಿಲ್ಲದೆ ಹೋಗಿ, ಆಮೇಲೆ ಹಟ ಹಿಡಿದವರು ಒಂದೊಂದೇ ಗುರುತು ಬಿಡಿಸಿದರಂತೆ. ಬರೆದವನು ಸತ್ತು ಅಷ್ಟು ಕಾಲವಾದ ಮೇಲೂ ಅವನ ಮಾತು ಕೇಳುತ್ತದೆ ಎಂದರೆ ಏನು ಹೇಳುವುದು? ಆ ಪುಟ ಮುಚ್ಚಿ ಅಂಗಳಕ್ಕೆ ಹೋಗಿ ಸುಮ್ಮನೆ ನಿಂತೆ. ಹೂಮಳೆ ಬಂದು ಕಾಫಿ ಹೂವರಳಿ ತೋಟವೆಲ್ಲ ಬೆಳ್ಳಗಾಗಿತ್ತು.

ಇದು ನಡೆದದ್ದಲ್ಲವೇ, ಅಪ್ಪನಿಗೆ ಓದಿದೆ. ಕೇಳಿ ಎದ್ದೇ ಹೋದರು. "ಸತ್ತವಂಗೆ ದೋಣಿ ಯಾಕೆ? ಬೆಕ್ಕಿಗೆ ಬಟ್ಟೆ ಯಾಕೆ? ಇದ್ ಯಾರೋ ಕಟ್ಟಿದ ಸುಳ್ಳ್."

ನನಗೂ ಸಿಟ್ಟು ಬಂತು. ಪೆಟ್ಟಿಗೆಯಲ್ಲಿ ಇನ್ನೊಂದು ಪುಸ್ತಕವಿದೆ, ಪೂರ್ತಿ ಕಟ್ಟುಕಥೆ. ಮೋಡದ ಮೇಲೆ ಒಂದು ಊರು. ಅದಕ್ಕೆ ಬಾಗಿಲ ಮೇಲೆ ಬಾಗಿಲು. ಕತ್ತಲೆಯ ಸೈನ್ಯ ಒಂದೊಂದೇ ಬಾಗಿಲು ಮುರಿದು ಮೇಲೆ ಬರುತ್ತದೆ. ಎಲ್ಲಕ್ಕಿಂತ ಕೆಳಗಿನ ಬಾಗಿಲನ್ನು ಕಾಯುವವನು ಅರುಣಕೇತ ಎಂಬ ವಯಸ್ಸಾದ ಕಾವಲುಗಾರ, ಹೆಚ್ಚು ಮಾತಾಡದವನು. ಅದನ್ನು ತೆಗೆದುಕೊಂಡು ಹೋಗಿ, "ಅಪ್ಪಾ, ಇದು ನಡೆದದ್ದು," ಎಂದುಬಿಟ್ಟೆ.

ಕೂತು ಕೇಳಿದರು ಅಣ್ಣ. ದಿನಾ ಸಂಜೆ ಎಮ್ಮೆ ಕರೆದ ಮೇಲೆ ಕೇಳುತ್ತಾರೆ. ಮೋಡದ ಮೇಲೆ ಊರು ಎಂದರೆ ನಂಬುವುದಿಲ್ಲವೇನೋ ಎಂದು ನನಗೆ ಅಳುಕಿತ್ತು. "ಮೋಡಲಿ ಊರ್ ಇರ್ದ್ ಎಂತ ದೊಡ್ಡ ಸಂಗತಿ? ನಮ್ಮದ್ ಮೋಡಲೇ ಅಲ್ಲನಾ ಇರ್ದ್?" ಎಂದರು. ಮಳೆಗಾಲದಲ್ಲಿ ನಮ್ಮ ಅಂಗಳದ ಹಲಸಿನ ಮರ ವಾರಗಟ್ಟಲೆ ಕಾಣದಿರುವಾಗ ಅವರು ಇನ್ನೇನು ಹೇಳುತ್ತಾರೆ.

ಗಾಜಾದಿಂದ ಮುಂದಿನ ಕಾಗದ ಯಾವಾಗ ಬರುತ್ತದೆ ಎಂದು ದಿನಾ ಕೇಳುತ್ತಾರೆ. ಬೇಗ ಬರೆ.

ದಮಯಂತಿ

* * *

ಗಾಜಾ
೧೪ ಏಪ್ರಿಲ್ ೧೯೫೮

ದಮಯಂತಿ,

ಅಕ್ಷರ ಬೇರೆಯಾಗಿದೆ ಎಂದು ಹೆದರಬೇಡ. ನನ್ನ ಕಣ್ಣಿಗೆ ಮರಳು ಬಿದ್ದಿದೆ. ಡಾಕ್ಟರು ಸ್ವಲ್ಪ ದಿನಕ್ಕೆ ಪಟ್ಟಿ ಕಟ್ಟಿದ್ದಾರೆ. ಬರೆಯುತ್ತಿರುವವನು ಪಕ್ಕದ ಮಂಚದ ಮಂಜುನಾಥ, ಕುಶಾಲನಗರದ ಕಡೆಯವನು, ಕಾಲು ಮುರಿದುಕೊಂಡು ಬಂದಿದ್ದಾನೆ. ಹೇಳಿದ್ದನ್ನೇ ಬರೆಯುತ್ತಾನೆ, ಉಪ್ಪುಕಾರ ಹಚ್ಚುವುದಿಲ್ಲ.

ಅಪ್ಪನಿಗೆ ಈ ಮರಳಿನ ವಿಷಯ ಬೇಡ. ಕೇಳಿದರೆ ಊಟ ಬಿಡುತ್ತಾರೆ.

ನಿನ್ನಿಂದ ಒಂದು ಆಗಬೇಕು. ಇಲ್ಲಿ ನನಗೆ ಹೊತ್ತು ಹೋಗುವುದಿಲ್ಲ. ಮಲಗಿದರೂ ಕತ್ತಲೆ, ಎದ್ದರೂ ಕತ್ತಲೆ. ನಿನ್ನ ಪೆಟ್ಟಿಗೆಯ ಚಿತ್ರಗಳನ್ನು ಮಾತಿನಲ್ಲಿ ಬರೆದು ಕಳಿಸು. ಬರೀ ತಿಮಿಂಗಿಲ ಇದೆ ಎಂದರೆ ಸಾಲದು. ಯಾವ ನೀಲಿ, ನೀರು ಎಲ್ಲಿ ತೆಳುವಾಗಿದೆ, ಬಾಲದ ತುದಿ ಹೇಗಿದೆ, ಎಲ್ಲ ಬರೆ. ಮಂಜುನಾಥ ಓದುತ್ತಾನೆ, ನಾನು ನೋಡುತ್ತೇನೆ.

ಸಾಂತಪ್ಪ

ದಮಯಂತಕ್ಕಾವ್ರೇ, ಇದು ನಾನು ಮಂಜುನಾಥ ಬರೀತಿರೋದು. ಅಣ್ಣಂಗೆ ಗೊತ್ತಿಲ್ಲ. ಮರಳಲ್ಲ ಅಕ್ಕಾ. ಹಳೇ ಲಡಾಯೀಲಿ ಹೂತಿಟ್ಟಿದ್ದ ಸಿಡಿಮದ್ದಿನ ಮೇಲೆ ಲಾರಿ ಹತ್ತಿ ಸಿಡೀತು. ಎರಡು ಕಣ್ಣಿಗೂ ಪೆಟ್ಟಾಗದೆ. ಆಪರೇಷನ್ ಮಾಡವ್ರೆ. ಜುಲೈಗೆ ಪಟ್ಟಿ ಬಿಚ್ತಾರೆ, ಅಲ್ಲಿಗಂಟ ಏನೂ ಹೇಳಕ್ಕಾಗಲ್ಲ ಅಂತಾರೆ. ಅಣ್ಣ ಯಾರ ಹತ್ರಾನೂ ಮಾತಾಡ್ತಿರಲಿಲ್ಲ. ಇವತ್ತೇ ಮೊದಲು ಬಾಯಿ ಬಿಟ್ಟಿದ್ದು. ಚಿತ್ರ ಬರೆದು ಕಳಿಸಿ.

* * *

ಗಾಳಿಬೀಡು
೧ ಮೇ ೧೯೫೮

ಅಣ್ಣ,

ಮರಳು ಬಿದ್ದರೆ ಎದೆಹಾಲು ಹಾಕಬೇಕು ಎಂದು ಅವ್ವ ಹೇಳುತ್ತಿದ್ದದ್ದು ನೆನಪಿದೆಯಲ್ಲ. ಪಲ್ಟನ್ನಿನಲ್ಲಿ ಅದಕ್ಕೆ ಯಾರನ್ನು ಹುಡುಕುತ್ತೀಯ? ಪಟ್ಟಿಯೇ ಸರಿ.

ಅಪ್ಪನಿಗೆ ನಿನ್ನ ಕಾಗದ ಓದಿದೆ. ನೀನು ಒಂಟೆಯ ಮೇಲೆ ಕೂತು ಸಂತೆಗೆ ಹೋದದ್ದು, ಅದು ನಿನ್ನ ಟೋಪಿ ತಿಂದದ್ದು, ಎಲ್ಲ ಓದಿದೆ. ನೀನು ಬರೆದಿರಲಿಲ್ಲ ನಿಜ. ಕಾಗದ ಅಷ್ಟು ಚಿಕ್ಕದಿದ್ದರೆ ನಾನೇನು ಮಾಡಲಿ.

ಈಗ ಚಿತ್ರ. ಬಾಲದಿಂದ ಹೊರಡುತ್ತೇನೆ. ಮೊದಲ ಪುಟದ ನೀಲಿ ಮಳೆ ಬರುವ ಮೊದಲು ಬೆಟ್ಟ ಕಾಣುವ ನೀಲಿ. ಬಾಲದ ಎರಡು ತುದಿ ಬಾಳೆ ಎಲೆ ಸೀಳಿದ ಹಾಗೆ ಎರಡು ಕಡೆಗೆ ಬಾಗಿದೆ. ಅದರ ಕೆಳಗೆ ಸಣ್ಣ ಮೀನುಗಳು, ಬೆಳ್ಳಗೆ, ಒಂದೇ ದಿಕ್ಕಿಗೆ. ಒಂದು ಮಾತ್ರ ತಿರುಗಿ ನಿಂತಿದೆ. ಅದು ನೀನೇ. ಎರಡನೇ ಪುಟದಲ್ಲಿ ಬೆನ್ನು. ಬೆನ್ನಿನ ಮೇಲೆ ಬೆಳಕು ಬಲೆಯ ಹಾಗೆ ಬಿದ್ದಿದೆ. ನೀರಿನೊಳಗೆ ಬೆಳಕು ನಿಲ್ಲುವುದಿಲ್ಲ, ಅಲ್ಲಾಡುತ್ತದೆ ಎಂದು ಬರೆದವನಿಗೆ ಗೊತ್ತು. ಮೂರನೆಯದರಲ್ಲಿ ಚರ್ಮ ಹತ್ತಿರದಿಂದ ಕಾಣುತ್ತದೆ. ಹಳೆಯ ಗಾಯಗಳು, ಅವುಗಳ ಮೇಲೆ ಕಲ್ಲಿನ ಮೇಲಿನ ಪಾಚಿಯ ಹಾಗೆ ಏನೋ ಬೆಳೆದಿದೆ. ಅಷ್ಟು ದೊಡ್ಡ ಪ್ರಾಣಿಗೂ ಗಾಯವಾಗುತ್ತದೆ, ಅದು ಈಜುವುದನ್ನು ಬಿಡುವುದಿಲ್ಲ. ಕೊನೆಯ ಪುಟದ ಕಣ್ಣು ಮುಂದಿನ ಕಾಗದಕ್ಕೆ ಇರಲಿ. ನೀನು ಕೇಳಿದರೆ ಮಾತ್ರ ಬರೆಯುತ್ತೇನೆ.

ಅರುಣಕೇತನ ಮೂರು ಬಾಗಿಲು ಹೋದವು, ಒಂದು ಮುರಿದ ಹಾಗೆಲ್ಲ ಅವನು ಅದರ ಮೇಲಿನದಕ್ಕೆ ಹೋಗಿ ನಿಲ್ಲುತ್ತಾನೆ. ಅಪ್ಪ ಗದ್ದೆಯಲ್ಲಿ ಉಳುವಾಗಲೂ ಅವನದೇ ಮಾತು.

ದಮಯಂತಿ

ಮಂಜುನಾಥ ಅವರೇ, ಇದನ್ನು ಗಟ್ಟಿಯಾಗಿ ಓದಬೇಡಿ. ನೀವು ಬರೆದದ್ದು ಓದಿದೆ. ಅಣ್ಣ ತಾನಾಗಿ ಹೇಳುವವರೆಗೆ ನನಗೆ ಗೊತ್ತಿರುವುದು ಅವನಿಗೆ ಗೊತ್ತಾಗಬಾರದು. ಅವನಿಗೆ ಒಬ್ಬನೇ ಇದ್ದೇನೆ ಎನ್ನಿಸಲು ಬಿಡಬೇಡಿ.

* * *

ಗಾಜಾ
೨೨ ಮೇ ೧೯೫೮

ದಮಯಂತಿ,

ನಿನ್ನ ತಿಮಿಂಗಿಲ ಈ ವಾರ್ಡಿನೊಳಗೆ ಹಿಡಿಯುತ್ತಿಲ್ಲ, ಅಷ್ಟು ದೊಡ್ಡದಾಗಿದೆ. ಮಂಜುನಾಥ ಕನ್ನಡದಲ್ಲಿ ಓದಿದ. ಆಚೆ ಮಂಚದ ಪಂಜಾಬಿ ಏನದು ಎಂದ. ಮಂಜುನಾಥ ಹಿಂದಿಯಲ್ಲಿ ಹೇಳಿದ. ಇಲ್ಲಿ ನರ್ಸಮ್ಮ ಒಬ್ಬರಿದ್ದಾರೆ, ಯಾವುದೋ ಹಿಮದ ದೇಶದವರು, ಅವರಿಗೆ ಯಾರೋ ಇಂಗ್ಲಿಷಿನಲ್ಲಿ ಹೇಳಿದರು. ಆಕೆ ನನ್ನ ಮಂಚದ ಹತ್ತಿರ ಕೂತುಬಿಟ್ಟರಂತೆ. ಆಕೆಯ ಅಜ್ಜ ತಿಮಿಂಗಿಲ ಹಿಡಿಯುವ ಹಡಗಿನಲ್ಲಿದ್ದನಂತೆ. ಬೆಳಕಿನ ಬಲೆ, ಚರ್ಮದ ಗಾಯ, ಎಲ್ಲ ನಿಜ ಎಂದರು. ಗಾಳಿಬೀಡಿನಲ್ಲಿ ಅಡುಗೆ ಮಾಡುವವಳು ಸಮುದ್ರವನ್ನೇ ನೋಡದೆ ಬರೆದದ್ದು ಎಂದರೆ ನಂಬುವುದಿಲ್ಲ.

ನನಗೆ ಕಂಡಿತು ದಮಯಂತಿ. ಪಟ್ಟಿಯ ಹಿಂದೆ ನೀಲಿ ಬಂತು. ಎಷ್ಟೋ ದಿನದಿಂದ ಅಲ್ಲಿ ಲಾರಿ ಸಿಡಿದ ಬೆಂಕಿ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಈಗ ನಿನಗೆ ತಿಳಿಯಿತು. ಮರಳಲ್ಲ, ಸಿಡಿಮದ್ದು. ಕಣ್ಣು ಬರುತ್ತದೋ ಇಲ್ಲವೋ 
ಗೊತ್ತಿಲ್ಲ. ನನಗೆ ಭಯವಾಗುತ್ತದೆ. ಇದನ್ನು ಮಂಜುನಾಥನ ಎದುರು ಹೇಳುವುದಕ್ಕೆ ನಾಚಿಕೆಯಾಯಿತು, ಆದರೆ ಹೇಳದೆ ಬರೆಸುವುದು ಹೇಗೆ? ಅಪ್ಪನಿಗೆ ಮಾತ್ರ ಹೇಳಬೇಡ. ಸಿಡಿದಾಗಲೂ ನನಗೆ ಮೊದಲು ನೆನಪಾದದ್ದು ಅಪ್ಪನ ಮುಖ.

ಆ ಕಣ್ಣಿನ ಪುಟ ಕಳಿಸು.

ಸಾಂತಪ್ಪ

* * *

ಗಾಳಿಬೀಡು
೨೦ ಜೂನ್ ೧೯೫೮

ಅಣ್ಣ,

ನೀನು ಬೇಡ ಎಂದದ್ದು ಆಗಿಹೋಯಿತು. ಅಪ್ಪನಿಗೆ ಎಲ್ಲ ಗೊತ್ತಾಗಿದೆ. ಹೇಗೆ ಎಂದು ಪೂರ್ತಿ ಕೇಳಿ ಆಮೇಲೆ ಬೈ.

ಮಳೆ ಹಿಡಿದಿದೆ. ಪುಸ್ತಕಗಳಿಗೆ ಬೂಸ್ಟು ಬರಬಾರದೆಂದು ಒಲೆಯ ಮೇಲಿನ ಅಟ್ಟದಲ್ಲಿ ಏಲಕ್ಕಿಯ ಪಕ್ಕ ಇಟ್ಟಿದ್ದೇನೆ. ಸೋಮವಾರ ಸಂಜೆ ಮೋಡದ ಊರಿನ ಕೊನೆಯ ಬಾಗಿಲಿನ ಅಧ್ಯಾಯ ತೆಗೆದೆ. ಊರವರೆಲ್ಲ ಹಿಂದಿನ ದಾರಿಯಿಂದ ಇಳಿದು ಹೋಗುವವರೆಗೆ ಅರುಣಕೇತ ಒಬ್ಬನೇ ನಿಂತು ಬಾಗಿಲು ಕಾಯುತ್ತಾನೆ. ಓಡಲು ಅವನಿಗೂ ದಾರಿಯಿತ್ತು, ಓಡಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟೇ ಸತ್ತ. ತಲೆ ಎತ್ತಿದರೆ ಅಪ್ಪನ ಕೆನ್ನೆ ಒದ್ದೆಯಾಗಿತ್ತು. ಅವ್ವ ಹೋದಾಗ ಬಿಟ್ಟರೆ ನಾನು ಅದನ್ನು ನೋಡಿಲ್ಲ. ಅವರು ಎದ್ದು ಒಳಗೆ ಹೋಗಿ ಗೋಡೆಯಿಂದ ಕೋವಿ ತೆಗೆದರು. ಕಾಡುಹಂದಿ ಬಂತೇನೋ ಎಂದುಕೊಂಡೆ. ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದರ ಹಿಂದೆ ಒಂದು, ಎರಡು ಗುಂಡು ಹಾರಿಸಿದರು.

ಜೋಡಿ ಗುಂಡು ಕೇಳಿದರೆ ನಮ್ಮ ಕಡೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ಆ ಮನೆಯಲ್ಲಿ ಸಾವು. ಮಗ ದೂರದ ಪಲ್ಟನ್ನಿನಲ್ಲಿರುವ ಮನೆಯಿಂದ ಕೇಳಿದರೆ ಇನ್ನೇನು ತಿಳಿದಾರು? ಉಳುತ್ತಿದ್ದವರು ಎತ್ತು ಬಿಚ್ಚಿ ಬಂದರು. ಹೆಂಗಸರು ಬಿಳಿ ಸೀರೆ ಉಟ್ಟು ಮಳೆಯಲ್ಲಿ ನೆನೆಯುತ್ತ, ನಿನ್ನ ಹೆಸರು ಹೇಳಿ ಅಳುತ್ತ ಗದ್ದೆಯ ಏರಿ ಮೇಲೆ ಬಂದರು. ಅದನ್ನು ಕೇಳಿ ನಾನು ಕಂಬ ಹಿಡಿದುಕೊಂಡೆ ಅಣ್ಣ. ನಿನ್ನ ಕಣ್ಣಿನ ಸಂಗತಿ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ.

ಪಕ್ಕದ ಮನೆಯ ಬೋಜಪ್ಪ ಮಾವ ಮುಂದೆ ಬಂದು ಅಪ್ಪನ ಕೈ ಹಿಡಿದರು. "ಸತ್ತದ್ ಯಾರ್, ಕೂಸಪ್ಪ?"

"ಅರುಣಕೇತ," ಎಂದರು ಅಪ್ಪ.

ಬೋಜಪ್ಪ ಮಾವ ಬಹಳ ಯೋಚಿಸಿ, "ಯಾವ ಮನೆಯಂವ?" ಎಂದು ಕೇಳಿದರು.

"ದೂರದಂವ. ಕೊನೇ ಬಾಗ್ಲ್ ಕಾಯ್ತಿತ್ತ್. ಓಡಿಕೆ ದಾರಿ ಇತ್ತ್, ಓಡಿತ್ಲೆ. ಅವಂಗೆ ಗುಂಡ್ ಹಾರ್ಸಿಕೆ ಅಲ್ಲಿ ಯಾರೂ ಇತ್ಲೆ."

ಅಂಗಳ ತುಂಬ ಜನ. ನಾನು ಹೇಳಲೇಬೇಕಾಯಿತು. ಅವನು ಹುಟ್ಟಿದವನೇ ಅಲ್ಲ, ಪುಸ್ತಕದವನು, ನಡೆದದ್ದು ಎಂದು ನಾನೇ ಸುಳ್ಳು ಹೇಳಿದ್ದು ಎಂದೆ. ಯಾರಾದರೂ ನಕ್ಕಿದ್ದರೆ ಅಪ್ಪ ಆ ಪೆಟ್ಟಿಗೆಯನ್ನು ಹೊಳೆಗೆ ಹಾಕುತ್ತಿದ್ದರು. ಯಾರೂ ನಗಲಿಲ್ಲ. ಅಪ್ಪ ಮೆಟ್ಟಲಿನ ಮೇಲೆ ಕೂತು, ಯಾರನ್ನೂ ನೋಡದೆ, "ಹುಟ್ಟದೇ ಇದ್ದಂವಂಗೆ ನಾ ಯಾಕೆ ಅತ್ತದ್?" ಎಂದು ಕೇಳಿದರು. ನನ್ನನ್ನು ಬೈದದ್ದಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನನಗೂ ತಿಳಿಯಬೇಕು ಅಣ್ಣ. ಇಲ್ಲದವನೊಬ್ಬ ಹೇಗೆ ಒಂದು ಮನೆಯ ಕೋವಿ ಇಳಿಸಬಲ್ಲ?

ಸಾವಿನ ಮನೆಗೆ ಬಂದವರು ಬಂದ ಕಾಲಲ್ಲಿ ಹೋಗುವ ಹಾಗಿಲ್ಲ. ಬೋಜಪ್ಪ ಮಾವ ಒದ್ದೆ ಬಟ್ಟೆಯಲ್ಲೇ ಜಗಲಿಯಲ್ಲಿ ಕೂತು ನನಗೆ, "ಅಂವ ಹೆಂಗೆ ಸತ್ತದ್, ಅದ್ನ ಓದ್ ಗೂಡೆ," ಎಂದರು. ಓದಿದೆ. ಲಾಟೀನಿನ ಸುತ್ತ ಅಷ್ಟೂ ಜನ ಕೂತು ಕೇಳಿದರು. ನಿನಗಾಗಿ ಅತ್ತುಕೊಂಡು ಬಂದವರು ಅವನಿಗಾಗಿ ಅತ್ತು ಹೋದರು.

ಎಲ್ಲರೂ ಹೋದ ಮೇಲೆ ಅಪ್ಪ ನನ್ನ ಎದುರು ಬಂದು ನಿಂತರು. "ಸಾಂತಪ್ಪನ ಕಾಗದ ತಾ. ಅದ್ರಲಿ ಇದ್ದದ್ನ ಇದ್ದಂಗೆ ಓದ್."

ಇನ್ನು ಸುಳ್ಳು ಓದುವ ಧೈರ್ಯ ನನಗಿರಲಿಲ್ಲ. ಎಲ್ಲ ಓದಿದೆ. ನಿನ್ನ ಭಯವನ್ನೂ ಓದಿದೆ. ಅಪ್ಪ ಕೊಟ್ಟಿಗೆಗೆ ಹೋಗಿ ಎಮ್ಮೆಯ ಬೆನ್ನು ತಿಕ್ಕುತ್ತ ನಿಂತರು. ವಾಪಸು ಬಂದು, "ಅಂವ ಇರ್ದ್ ಕತ್ತಲೆಲಿ. ನಾ ಒಂದ್ ಕಥೆ ಹೇಳ್ನೆ, ಬರಿ," ಎಂದರು.

"ನಡೆದದ್ದಾ ಅಪ್ಪಾ?" ಎಂದೆ.

"ಅಲ್ಲ. ಬರಿ."

ಅವರು ಹೇಳಿದ ಹಾಗೆಯೇ ಬರೆಯುತ್ತೇನೆ. "ಒಬ್ಬ ಮನ್ಷ ದೂರಂದ ಮನೆಗೆ ಬರ್ತಿತ್ತ್. ಕತ್ತಲೆ ಆತ್. ಕೈಲಿದ್ದ ದೊಂದಿ ಮಳೆಗೆ ನಂದಿ ಹೋತ್. ಎದುರು ಹೊಳೆ. ದಾಟ್ವ ಮರದ ಸಂಕ ಕೊಚ್ಚಿ ಹೋಗಿತ್ತ್. ನೀರ್‌ನ ಸದ್ದ್ ಕೇಳ್ತಿತ್ತ್, ನೀರ್ ಕಾಣ್ತಿತ್ಲೆ. ಅಂವ ಕಾಲ್ ಮುಂದೆ ಇಟ್ಟತ್. ಮೊಳಕಾಲಿಗೆ ನೀರ್ ಬಾತ್. ಇನ್ನೊಂದ್ ಹೆಜ್ಜೆಗೆ ಸೊಂಟಕ್ಕೆ ಬಾತ್."

ಅಲ್ಲಿಗೆ ನಿಲ್ಲಿಸಿದರು. ಮುಂದೆ ಎಂದರೆ, "ಗೊತ್ತಿಲ್ಲೆ. ಯೋಚನೆ ಮಾಡೊಕು," ಎನ್ನುತ್ತಾರೆ.

ಕಣ್ಣಿನ ಪುಟ ಇದು. ಪುಟದ ತುಂಬ ಒಂದೇ ಕಣ್ಣು, ಸುತ್ತ ಸುಕ್ಕು. ಕಂದು ಬಣ್ಣ, ನಮ್ಮ ಎಮ್ಮೆಯದರ ಹಾಗೆಯೇ. ಹೆದರಿಸುವ ಕಣ್ಣಲ್ಲ. ಅದರೊಳಗೆ ಚಿಕ್ಕದಾಗಿ ಒಂದು ದೋಣಿ ಕಾಣುತ್ತದೆ. ತಿಮಿಂಗಿಲ ಅದನ್ನು ನೋಡುತ್ತಿದೆ.

ದಮಯಂತಿ

* * *

ಗಾಜಾ
೧೮ ಜುಲೈ ೧೯೫೮

ದಮಯಂತಿ,

ಪಟ್ಟಿ ಬಿಚ್ಚಿದರು. ಎಡಗಣ್ಣು ಹೋಯಿತು. ಬಲಗಣ್ಣಿಗೆ ಬೆಳಕು ತಿಳಿಯುತ್ತದೆ, ಎದುರಿಗೆ ಯಾರಾದರೂ ನಿಂತರೆ ನೆರಳಿನ ಹಾಗೆ ಕಾಣುತ್ತದೆ. ಮಂಜುನಾಥ ಬಂದು ನಿಂತ. ಇಷ್ಟು ದಿನ ಅವನನ್ನು ಭೀಮನ ಹಾಗಿದ್ದಾನೆ ಎಂದುಕೊಂಡಿದ್ದೆ, ನೆರಳು ನನ್ನ ಭುಜಕ್ಕೂ ಬರುವುದಿಲ್ಲ. ಎಲ್ಲರೂ ನಕ್ಕೆವು. ಆಮೇಲೆ ನಿನ್ನ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಬೆಳ್ಳಗೆ ಕಂಡಿತು, ಅಷ್ಟೇ. ಒಂದಕ್ಷರವೂ ಇಲ್ಲ. ಅಕ್ಷರ ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಅತ್ತುಬಿಟ್ಟೆ.

ಅಪ್ಪನ ಕಥೆಯನ್ನು ಮಂಜುನಾಥ ಮೊದಲ ಸಲ ಓದಿದಾಗ ಇದು ಅಪ್ಪನೇ ಎಂದು ನಂಬಲಿಲ್ಲ. ಒಂದು ಸುಳ್ಳೂ ಹೇಳದ ಮನುಷ್ಯ ನನಗಾಗಿ ಕಥೆ ಕಟ್ಟಿದರು ಎಂದರೆ, ಪಿರಮಿಡ್ಡಿನ ಬುಡದಲ್ಲೂ ನನಗೆ ಅಷ್ಟು ಬೆರಗಾಗಿರಲಿಲ್ಲ. ಇಡೀ ವಾರ್ಡಿಗೆ ಅದೇ ಚಿಂತೆ. ದಾಟಿದನೋ ಇಲ್ಲವೋ ಎಂದು ಪಂಜಾಬಿ ದಿನಾ ಕೇಳುತ್ತಾನೆ.

ನನಗೆ ಅನ್ನಿಸುವುದು ಹೇಳುತ್ತೇನೆ. ಅವನು ದಾಟಲಿಲ್ಲ. ಹಿಂದೆ ತಿರುಗಿದ. ನಮ್ಮನ್ನು ಹಡಗಿನಲ್ಲಿ ಕಳಿಸುತ್ತಾರೆ, ಸೆಪ್ಟೆಂಬರ್ ಮೊದಲಿಗೆ ಬೊಂಬಾಯಿ. ಅಲ್ಲಿಂದ ಉತ್ತರಕ್ಕೆ, ಕಣ್ಣು ಹೋದ ಸಿಪಾಯಿಗಳಿಗೆ ಕೆಲಸ ಕಲಿಸುವ ಜಾಗವಿದೆಯಂತೆ. ಅಲ್ಲಿಗೇ ಹೋಗುತ್ತೇನೆ ಎಂದು ಹೆಸರು ಕೊಟ್ಟಿದ್ದೇನೆ. ಗದ್ದೆ, ತೋಟ, ಕೋವಿ, ಯಾವುದಕ್ಕೂ ಆಗದ ಮಗ ಅಪ್ಪನಿಗೆ ಯಾಕೆ? ಇದನ್ನು ಅವರಿಗೆ ನಿಧಾನವಾಗಿ ಹೇಳು.

ಸಾಂತಪ್ಪ

ಅಕ್ಕಾವ್ರೇ, ಇದೂ ಅಣ್ಣಂಗೆ ಗೊತ್ತಿಲ್ಲ. ನಾನೂ ಅದೇ ಹಡಗಿನಲ್ಲಿ ಬರ್ತಿದೀನಿ. ಮನೇಗ್ ಹೋಗಲ್ಲ ಅಂತ ಹೆಸರು ಕೊಟ್ಟ ದಿನ ಅಣ್ಣ ಊಟ ಮಾಡ್ಲಿಲ್ಲ. ಹಡಗಿನ ಹೆಸರು, ಬರೋ ತಾರೀಕು ಬೇರೆ ಚೀಟೀಲಿ ಬರ್ದು ಇದ್ರೊಳಗೇ ಇಟ್ಟಿದೀನಿ.

* * *

ಗಾಳಿಬೀಡು
೨೭ ಆಗಸ್ಟ್ ೧೯೫೮

ಅಣ್ಣ,

ಈ ಕಾಗದ ಟಪಾಲಿಗೆ ಹಾಕುವುದಿಲ್ಲ. ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನದನ್ನು ಅಪ್ಪನಿಗೆ ಇದ್ದ ಹಾಗೆ ಓದಿದೆ, ನಿಧಾನವಾಗಿ ಏನೂ ಹೇಳಲಿಲ್ಲ. "ಹಿಂದೆ ತಿರುಗಿದ" ಎಂಬಲ್ಲಿಗೆ ಬಂದಾಗ ಅಪ್ಪ, "ಅದ್ ಅವಂಗೆ ಹೆಂಗೆ ಗೊತ್ತ್? ಕಥೆ ನನ್ನದಲ್ಲನಾ?" ಎಂದು ರೇಗಿದರು.

ಮಾರನೇ ದಿನ ನಡೆದೇ ಮಡಿಕೇರಿಗೆ ಹೋಗಿ ಪರಮೇಶಪ್ಪನವರ ಮುಂದೆ ಮಂಜುನಾಥ ಅವರ ಚೀಟಿ ಇಟ್ಟರು. ಅವರು ಪುಸ್ತಕದ ಮಾತಿಗೆ ಬಂದರೆಂದು ತಿಳಿದು ಹೊಸ ಪೆಟ್ಟಿಗೆ ತೋರಿಸಲು ಎದ್ದರಂತೆ. ಅಪ್ಪ ಕೇಳಿದ್ದು ಬೊಂಬಾಯಿಗೆ ದಾರಿ. ಮೈಸೂರಿನ ದಸರಾ ಬಿಟ್ಟು ಆಚೆ ಎಲ್ಲೂ ಹೋಗದ ಮನುಷ್ಯ. ಎಲ್ಲಿ ಬಸ್ಸು ಇಳಿಯಬೇಕು, ಎಲ್ಲಿ ರೈಲು ಬದಲಿಸಬೇಕು ಎಂದು ಪರಮೇಶಪ್ಪನವರು ಕೂತು ಹೇಳಿಕೊಟ್ಟರು. ಅಪ್ಪ ಅದನ್ನು ಪೂರ್ತಿ ಬಾಯಿಪಾಠ ಮಾಡಿದ್ದಾರೆ, ಎಮ್ಮೆ ಕರೆಯುವಾಗ ಸ್ಟೇಷನ್ನುಗಳ ಹೆಸರು ಹೇಳಿಕೊಳ್ಳುತ್ತಾರೆ.

ಇನ್ನೊಂದು ವಾರಕ್ಕೆ ಕೈಲ್ ಮುಹೂರ್ತದ ಹಬ್ಬ. ಕೋವಿ ಪೂಜೆಗೆ ಮನೆಯ ಯಜಮಾನ ಇರುವುದಿಲ್ಲ ಎಂದರೆ ಊರು ಏನೆನ್ನುತ್ತದೆ ಎಂದು ಬೋಜಪ್ಪ ಮಾವ ಕೇಳಿದರು. "ಕೋವಿ ಎಲ್ಲಿಗೂ ಹೋಗ್ದುಲೆ," ಎಂದು ಅಪ್ಪ ಹೇಳಿದರು. ಇವತ್ತು ಬೆಳಿಗ್ಗೆ ಮದುವೆಗೆ ತೊಡುವ ಮೊಣಕಾಲುದ್ದದ ಕುಪ್ಪಸದಂಗಿ ತೊಟ್ಟು, ನಾನು ಕಟ್ಟಿಕೊಟ್ಟ ಅಕ್ಕಿರೊಟ್ಟಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ನಾನು ಈ ಕಾಗದ ಮುಗಿಸಲಿ ಎಂದು.

ಕಥೆ ಮುಂದೆ ಏನಾಯಿತು ಎಂದು ಈಗ ತಾನೇ ಕೇಳಿದೆ. ಹೇಳಿದರು, ಬರೆದಿದ್ದೇನೆ. ಮಂಜುನಾಥ ಅವರೇ, ಇದನ್ನು ಗಟ್ಟಿಯಾಗಿಯೇ ಓದಿ, ಪಂಜಾಬಿಯವರು ಜೊತೆಗಿದ್ದರೆ ಅವರಿಗೂ ಹೇಳಿ.

ಅಣ್ಣ, ಈಗ ನಿನ್ನ ಎದುರಿಗೆ ನಿಂತಿರುವ ನೆರಳಿನ ಕೈ ಹಿಡಿ. ಆ ಮನುಷ್ಯ ಹೊಳೆಯ ನಡುವೆ ಸೊಂಟದ ನೀರಿನಲ್ಲಿ ನಿಂತಿದ್ದನಂತೆ. ಆಚೆ ದಡದಿಂದ ಅವನಪ್ಪ ನೀರಿಗೆ ಇಳಿದನಂತೆ.

ದಮಯಂತಿ